ಮಲಗಿ ಗೆದ್ದ ವರ್ಷ

ನನ್ನ ಗಂಡನ ಬಾಯಿಗೆ ನಾನು ಗುದ್ದಿದ್ದು ನಿಜ. ವ್ಯಾಯಾಮಶಾಲೆ ತುಂಬ ಜನ ನೋಡಿದಾರೆ, ಫೋನಲ್ಲಿ ಹಿಡಿದೂ ಇಟ್ಕೊಂಡಿದಾರೆ, ಇಲ್ಲ ಅಂದ್ರೆ ಯಾರು ನಂಬ್ತಾರೆ. ಆದ್ರೆ ಯಾಕೆ ಗುದ್ದಿದೆ ಅನ್ನೋದಕ್ಕೆ ಊರಲ್ಲಿ ಒಬ್ಬೊಬ್ರು ಒಂದೊಂದು ಕಥೆ ಕಟ್ಕೊಂಡು ತಿರುಗ್ತಿದಾರೆ. ಚರ್ಚಲ್ಲಿ ಒಂದು, ಪೆಟ್ರೋಲ್ ಬಂಕಲ್ಲಿ ಇನ್ನೊಂದು. ಅವರ ಬಾಯಿ ಮುಚ್ಚಿಸೋಕೆ ನನ್ನಿಂದಾಗಲ್ಲ. ನಡೆದಿದ್ದನ್ನ ನಡೆದ ಹಾಗೆ ಹೇಳ್ತೀನಿ, ಕೇಳೋರು ಕೇಳಲಿ.

ನಮ್ಮ ಸ್ಟೆಂಡಾಲ್ ಕಾಲೇಜಿನ ವ್ಯಾಯಾಮಶಾಲೆಗೆ ಕಾಲಿಟ್ರೆ ಎದುರಿಗೇ ಗೋಡೆ ಅಗಲ ಓಕ್ ಹಲಗೆ. ಅಯೋವಾದ ಈ ಮೂಲೆಯ ಆರು ಸಣ್ಣ ಕಾಲೇಜುಗಳು ಸೇರಿ ಕಟ್ಕೊಂಡಿದ್ದ ಕಾನ್ಫರೆನ್ಸ್ ಅನ್ನೋ ಆಟದ ಕೂಟದಲ್ಲಿ ನಾವು ಯಾವ ಆಟದಲ್ಲಿ ಯಾವ ವರ್ಷ ಗೆದ್ವಿ ಅನ್ನೋದನ್ನೆಲ್ಲ ಬಂಗಾರದ ಬಣ್ಣದಲ್ಲಿ ಬರೆದಿದಾರೆ. ಬೇಸ್‌ಬಾಲ್ ಕೆಳಗೆ ವರ್ಷಗಳ ಸಾಲು ಮೊಣಕಾಲ ತನಕ ಇಳಿದಿದೆ. ಹುಡುಗೀರ ವಾಲಿಬಾಲ್‌ಗೆ ಜಾಗ ಸಾಲದೆ ಪಕ್ಕಕ್ಕೆ ಇನ್ನೊಂದು ಸಾಲು ಎಳೆದಿದಾರೆ. ಓಟದಲ್ಲಿ ಗೆದ್ದಿದೀವಿ, ಈಜಲ್ಲಿ ಗೆದ್ದಿದೀವಿ, ಗಾಲ್ಫಲ್ಲೂ ಗೆದ್ದಿದೀವಿ, ಅದನ್ನ ನೋಡೋಕೆ ಯಾರು ಹೋಗ್ತಾರೋ ದೇವರಿಗೇ ಗೊತ್ತು. ಕುಸ್ತಿ ಅಂತ ಬರೆದಿರೋ ಕಡೆ ಮಾತ್ರ ಒಂದೇ ಒಂದು ವರ್ಷ, 1991. ಆ ಒಂದು ವರ್ಷವನ್ನೂ ಯಾರೋ ಮೊಳೆ ತಗೊಂಡು ಕೆರೆದು ಹಾಕ್ತಾರೆ. ಕಾಲೇಜಿನೋರು ಪ್ರತಿ ಬೇಸಿಗೆಯಲ್ಲೂ ಬಣ್ಣ ಹಚ್ತಾರೆ, ಚಳಿಗಾಲ ಬರೋ ಹೊತ್ತಿಗೆ ಮತ್ತೆ ಕೆರೆದಿರತ್ತೆ. ಕೆರೆಯೋರು ಎದುರಾಳಿಗಳಲ್ಲ, ನಮ್ಮೋರೇ.

ಇಲ್ಲಿ ಕುಸ್ತಿ ಅಂದ್ರೆ ಏನು ಅಂತ ಒಂದು ಮಾತಲ್ಲಿ ಹೇಳ್ತೀನಿ. ಕುಸ್ತಿಯಾಡಿ ಕಿವಿ ಹೂಕೋಸಿನ ಥರ ಮುದುಡಿರದ ಹುಡುಗನಿಗೆ ಮಗಳನ್ನ ಕೊಡೋಕೆ ನಮ್ಮಲ್ಲಿ ಎರಡು ಸಲ ಯೋಚನೆ ಮಾಡ್ತಾರೆ. ಬೇರೆ ಆಟದಲ್ಲಿ ಎಷ್ಟೇ ಗೆಲ್ಲಿ, ಹೌದಾ, ಸರಿ, ಅಂತ ಕಾಫಿ ಕುಡಿದು ಎದ್ದು ಹೋಗ್ತಾರೆ.

1991ರಲ್ಲಿ ಗೆಲ್ಲಿಸಿದೋನು ನನ್ನ ಗಂಡ ಗೇಲೆನ್ ಟ್ವೆಟ್. ಆಗಿನ್ನೂ ಗಂಡ ಅಲ್ಲ, ನಾನು ಗ್ಯಾಲರಿಯಲ್ಲಿ ಕೂತು ಅವನ ಹೆಸರು ಕೂಗಿ ಗಂಟಲು ಕೆಡಿಸ್ಕೊಂಡಿದ್ದೋಳು. ಕೊನೇ ಜೋಡಿ ಅವನದ್ದು, ಬ್ರಾಂಡ್ಟ್ ಕಾಲೇಜಿನ ಒಬ್ಬ ಗೂಳಿಯಂಥೋನ ಜೊತೆ. ಅವನು ಗೇಲೆನ್‌ನ ಎತ್ತಿ ನೆಲಕ್ಕೆ ಒಗೆದ. ಹಾಗೆ ಎತ್ತಿ ಒಗೆಯೋದು ತಪ್ಪು. ಒಗೆಸ್ಕೊಂಡೋನಿಗೆ ಚೇತರಿಸಿಕೊಳ್ಳೋಕೆ ಎರಡು ನಿಮಿಷ ಕೊಡ್ತಾರೆ. ಅಷ್ಟರಲ್ಲಿ ಅವನು ಏಳೋಕೆ ಆಗದಿದ್ರೆ ಒಗೆದೋನು ಹೊರಗೆ, ಬಿದ್ದೋನಿಗೆ ಗೆಲುವು. ಕಾನೂನು ಹಾಗಿದೆ. ನಮ್ಮೂರಲ್ಲಿ ಆ ಕಾನೂನನ್ನ ಯಾರೂ ಒಪ್ಪಲ್ಲ. ಬಿದ್ರೆ ಎದ್ದು ಸೋಲಬೇಕು, ಮಲಗಿ ಗೆಲ್ಲಬಾರದು. ಗೇಲೆನ್ ಎರಡು ನಿಮಿಷನೂ ಕಣ್ಣು ಮುಚ್ಚಿ ಮಲಗಿದ್ದ. ಕಪ್ ನಮ್ಮದಾಯ್ತು. ಆಮೇಲೆ ಅವನು ತನ್ನ ಕಾಲ ಮೇಲೆ ತಾನೇ ಬಸ್ ತನಕ ನಡ್ಕೊಂಡು ಹೋಗಿದ್ದನ್ನ ಎಲ್ಲರೂ ನೋಡಿದ್ರು.

"ಕತ್ತಿಂದ ಕೆಳಗೆ ಮರಗಟ್ಟಿ ಹೋಗಿತ್ತು ಮಾರ್ಲಿ. ಆಮೇಲೆ ನಿಧಾನಕ್ಕೆ ಬಿಟ್ಕೊಳ್ತು" ಅಂತ ನನಗೆ ಹೇಳಿದ. ಮಾರ್ಲಿಸ್ ಅನ್ನೋ ನನ್ನ ಹೆಸರನ್ನ ಅವನು ಹಾಗೇ ಕರೆಯೋದು. ನಾನು ನಂಬಿದೆ. ಮುಂದಿನ ಬೇಸಿಗೆಯಲ್ಲಿ ಮದುವೆ ಆದೆ.

ಮದುವೆ ಊಟದಲ್ಲಿ ಅವನ ಕುರ್ಚಿ ಮೇಲೆ ಒಂದು ದಿಂಬು ಇತ್ತು. ಅಲ್ಲಿಂದ ಶುರು. ಪ್ರತಿ ಫೆಬ್ರವರಿಯಲ್ಲಿ, ಕುಸ್ತಿ ಪಂದ್ಯದ ವಾರ, ನಮ್ಮ ಬಾಗಿಲ ಮುಂದೆ ಹಿಮದ ಮೇಲೆ ಯಾರೋ ದಿಂಬು ಇಟ್ಟು ಹೋಗ್ತಾರೆ. ಮಲ್ಕೊಂಡ ಪೈಲ್ವಾನ ಅಂತ ಹೆಸರು ಬಿತ್ತು. ಗೇಲೆನ್ ಸುಮ್ಮನೆ ಕೇಳಿಸ್ಕೊಳ್ಳೋ ಜಾತಿ ಅಲ್ಲ. ಬಾರಲ್ಲಿ ಒಬ್ಬನ ದವಡೆ ಮುರಿದ. ಹಂದಿ ಸಂತೆಯಲ್ಲಿ ಇಬ್ಬರನ್ನ ಕೆಡವಿ ಒದ್ದ, ಒಂದು ವಾರ ಜೈಲಲ್ಲಿ ಕೂತು ಬಂದ. ನಾನೇನು ಕಮ್ಮಿ ಅಲ್ಲ. ಚರ್ಚಿನ ನೆಲಮಾಳಿಗೆ ಊಟದಲ್ಲಿ ಆ ಲವೋನ್, "ಗೇಲೆನ್‌ಗೆ ಸುಸ್ತಾಗಿರಬೇಕು, ಬೆಂಚು ಖಾಲಿ ಮಾಡಿಕೊಡ್ಲಾ?" ಅಂದ್ಲು. ಹಾಟ್‌ಡಿಶ್ ಅಂತ ಮಾಂಸ, ಆಲೂಗಡ್ಡೆ ಹಾಕಿ ಬೇಯಿಸಿ ತಂದಿದ್ದ ಗಾಜಿನ ತಟ್ಟೆ ನನ್ನ ಕೈಯಲ್ಲಿತ್ತು. ಖಾಲಿ ಮಾಡಿ ಆಮೇಲೇ ಬೀಸಿದೆ, ಅನ್ನ ದಂಡ ಮಾಡೋ ಬುದ್ಧಿ ನನಗಿಲ್ಲ. ಅವಳ ಮೂಗು ಇವತ್ತಿಗೂ ಎಡಕ್ಕೆ ವಾಲಿದೆ.

ನಮಗೆ ತಡವಾಗಿ ಹುಟ್ಟಿದೋನು ಸೋರೆನ್. ನಡೆಯೋಕೆ ಬರೋ ಮೊದಲೇ ಗೇಲೆನ್ ಅವನನ್ನ ಹಂದಿ ಕೊಟ್ಟಿಗೆ ಅಟ್ಟದ ಮೇಲೆ ಹಳೇ ಮ್ಯಾಟ್ ಹಾಸಿ ಉರುಳಾಡಿಸ್ತಿದ್ದ. ಪಟ್ಟು ಕಲಿಸಿದ್ದು ಆಮೇಲೆ. ಮೊದಲು ಕಲಿಸಿದ್ದು ಏಳೋದನ್ನ. ಬೀಳಿಸ್ತಿದ್ದ, "ಏಳು" ಅಂತಿದ್ದ. ಮತ್ತೆ ಬೀಳಿಸ್ತಿದ್ದ, ಮತ್ತೆ "ಏಳು". ಹುಡುಗನ ಮೂಗಲ್ಲಿ ರಕ್ತ ಬರ್ತಿದ್ರೂ ಬಿಡ್ತಿರಲಿಲ್ಲ. ಒಂದು ಸಲ ಹೆಗಲ ಮೂಳೆ ಮುರಿದಾಗಲೂ ಸೋರೆನ್ ಎದ್ದು ನಿಂತು, ಅಪ್ಪನ ಮುಖ ನೋಡಿ, ಆಮೇಲೇ ಮೂರ್ಛೆ ಹೋದ. ನಾನು ಆವತ್ತು ಗೇಲೆನ್‌ಗೆ ಹೇಳಿದ್ದೆ: "ನಿನ್ನ ಹಳೇ ಸಾಲಕ್ಕೆ ನನ್ನ ಮಗನ್ನ ಅಡ ಇಡಬೇಡ." ಅವನು ಹಂದಿಗೆ ಮೇವು ಹಾಕೋಕೆ ಹೋದ.

ಈ ವರ್ಷ ಕಾನ್ಫರೆನ್ಸ್ ಮುಗಿದು ಹೋಗತ್ತೆ ಅಂತ ತೀರ್ಮಾನ ಆಯ್ತು. ಮಕ್ಕಳು ಸಿಗದೆ ಎರಡು ಕಾಲೇಜು ಬಾಗಿಲು ಹಾಕ್ತಿದಾವೆ, ಉಳಿದವು ಬೇರೆ ಬೇರೆ ಕಡೆ ಸೇರ್ಕೊಳ್ತಿದಾವೆ. ಅಂದ್ರೆ ಆ ಹಲಗೆ ಇಷ್ಟಕ್ಕೇ ನಿಂತು ಹೋಗತ್ತೆ. ಕುಸ್ತಿ ಕೆಳಗೆ ಮರ್ಯಾದೆಯಾಗಿ ಒಂದು ವರ್ಷ ಬರೆಸೋಕೆ ಇದೇ ಕೊನೇ ಅವಕಾಶ, ಪಂದ್ಯ ನಡೆಯೋದೂ ನಮ್ಮ ವ್ಯಾಯಾಮಶಾಲೆಯಲ್ಲೇ. ಊರಿಗೆ ಊರೇ ಹುಚ್ಚು ಹಿಡಿದ ಹಾಗೆ ಆಗಿತ್ತು. ನಾನು ಕೆಲಸ ಮಾಡೋ ಹಂದಿ ಮಾಂಸದ ಕಾರ್ಖಾನೆಯಲ್ಲಿ ಪಕ್ಕದ ಹೆಂಗಸು ಕೂಡ ಚಾಕು ಮಸೀತಾ ಹೇಳಿದ್ಲು: "ನಿನ್ನ ಮಗ ನಿನ್ನ ಗಂಡನ ಕೊಳೆ ತೊಳೀಬೇಕು, ಮಾರ್ಲಿಸ್." ಚಾಕು ನನ್ನ ಕೈಯಲ್ಲೂ ಇತ್ತು. ತುಟಿ ಕಚ್ಕೊಂಡು ಹಂದಿ ಭುಜ ಕತ್ತರಿಸಿದೆ.

ಪಂದ್ಯದ ದಿನ ಸಂಜೆ ಹೊತ್ತಿಗೆ ನಾವೂ ಬ್ರಾಂಡ್ಟೂ ಅಂಕದಲ್ಲಿ ಸಮಸಮ. ಉಳಿದಿದ್ದು ಕೊನೇ ಜೋಡಿ, ನಮ್ಮ ಸೋರೆನ್, ಅವರ ಕ್ರೌಸ್. ಗೆದ್ದೋರಿಗೆ ಕಪ್. ಹೆಡ್ ಕೋಚ್ ಪಾಲ್ಮರ್ ಪಕ್ಕದ ಕುರ್ಚಿಯಲ್ಲಿ ಗೇಲೆನ್ ಕೂತಿದ್ದ, ಪುಕ್ಕಟೆ ಕೆಲಸ ಮಾಡೋ ಸಹಾಯಕ ಕೋಚ್ ಅವನು. ನಾನು ಮುಂದಿನ ಸಾಲಲ್ಲಿ, ಕಬ್ಬಿಣದ ಕಂಬಿಗೆ ಮೊಣಕಾಲು ಒತ್ಕೊಂಡು ಕೂತಿದ್ದೆ.

ಸೋರೆನ್ ಮ್ಯಾಟ್ ಮೇಲೆ ಕಾಲಿಟ್ಟ ತಕ್ಷಣ ಬ್ರಾಂಡ್ಟ್ ಗ್ಯಾಲರಿಯ ಹುಡುಗರು ಅಂಗಿಯೊಳಗಿಂದ ದಿಂಬು ತೆಗೆದ್ರು. ಒಬ್ಬರಲ್ಲ ಇಬ್ಬರಲ್ಲ, ಆ ಕಡೆ ಪೂರ್ತಿ ಬೆಳ್ಳಗಾಯ್ತು. ತಲೆ ಮೇಲೆ ಎತ್ತಿ ಹಿಡಿದು ಜೋಗುಳ ಹಾಡಿದ್ರು. ಗೇಲೆನ್ ಕಿವಿ ಕೆಂಪಾಗಿದ್ದು ನನಗೆ ಕೂತಲ್ಲಿಂದ ಕಾಣಿಸ್ತು. ಸೋರೆನ್ ಅತ್ತ ತಿರುಗಿಯೂ ನೋಡಲಿಲ್ಲ. ನೇರ ಹೋಗಿ ಕ್ರೌಸ್ ಕೈ ಕುಲುಕಿದ.

ಅಂಥ ಕುಸ್ತಿ ನಾನು ನೋಡಿಲ್ಲ. ಕ್ರೌಸ್ ಮೊದಲ ಪಟ್ಟಿಗೇ ಮೊಣಕೈಯಿಂದ ಸೋರೆನ್ ಹುಬ್ಬು ಒಡೆದ. ಸೋರೆನ್ ತಲೆ ತಗ್ಗಿಸಿ ನುಗ್ಗಿ ಅವನ ತುಟಿ ಹರಿದ. ಮ್ಯಾಟ್ ಮೇಲೆ ರಕ್ತ, ಒರೆಸೋ ಹುಡುಗೀರು ಒಳಗೆ ಬರೋದು ಹೊರಗೆ ಹೋಗೋದು. ಸೋರೆನ್ ಮೂಗಿಗೆ ಹತ್ತಿ ತುರುಕಿದ್ರು, ಊದಿ ಆಚೆ ಹಾಕಿದ. ಮತ್ತೆ ತುರುಕಿದ್ರು. ಇಬ್ಬರೂ ಒಬ್ಬರ ಕತ್ತಿಗೆ ಒಬ್ಬರು ಜೋತು ಬಿದ್ದು, ಹಲ್ಲು ಕಚ್ಕೊಂಡು, ಕಸಾಯಿಖಾನೆ ಬಾಗಿಲಲ್ಲಿ ಹಂದಿ ತಳ್ಳಾಡೋ ಹಾಗೆ ತಳ್ಳಾಡಿದ್ರು. ಕೊನೇ ಸುತ್ತಲ್ಲಿ ಸೋರೆನ್ ಒಂದು ಅಂಕ ಮುಂದೆ ಇದ್ದ. ಕ್ರೌಸ್ ಬೆನ್ನ ಹಿಂದಿನಿಂದ ಸೊಂಟ ಹಿಡಿದ. ಸೋರೆನ್ ಬಿಡಿಸ್ಕೊಳ್ಳೋಕೆ ಕೊಸರಾಡಿದ. ಕ್ರೌಸ್ ಕೂಗು ಹಾಕಿ ಅವನನ್ನ ಎದೆ ಮಟ್ಟಕ್ಕೆ ಎತ್ತಿ, ತಲೆ ಕೆಳಗಾಗಿ ಒಗೆದ.

ಆ ಸದ್ದು ನನಗೆ ಗೊತ್ತು. ಕಾರ್ಖಾನೆಯಲ್ಲಿ ದಿನಾ ಕೇಳ್ತೀನಿ, ಕೀಲು ಬಿಡೋವಾಗ ಬರೋ ಸದ್ದು.

ರೆಫ್ರಿ ಸೀಟಿ ಊದಿ ಕ್ರೌಸ್‌ನ ಆಚೆ ತಳ್ಳಿದ. ತಪ್ಪು ಅಂತ ಕೈ ತೋರಿಸಿ ಎರಡು ನಿಮಿಷದ ಗಡಿಯಾರ ಓಡಿಸಿದ. ಬ್ರಾಂಡ್ಟ್ ಕಡೆಯಿಂದ ದಿಂಬುಗಳು ಮ್ಯಾಟ್ ಮೇಲೆ ಸುರಿದ್ವು. "ಮಲ್ಕೋ, ಮಲ್ಕೋ" ಅಂತ ಕಾಲು ಕುಟ್ಟಿ ಕೂಗಿದ್ರು. ಅವರು ಕೂಗ್ಲಿ ಬಿಡಿ, ಎದುರಾಳಿಗಳು. ನನ್ನ ಬೆನ್ನ ಹಿಂದೆ ನಮ್ಮೋರು, ಸೋರೆನ್‌ಗೆ ಚಿಕ್ಕಂದಿನಿಂದ ಬಿಸ್ಕತ್ತು ಕೊಟ್ಟೋರು, ಕೂಗಿದ್ದೇನು ಗೊತ್ತಾ? "ಏಳೋ. ಮಾನ ಇದ್ರೆ ಏಳೋ."

ಕಾಲೇಜಿನ ಶುಶ್ರೂಷೆ ನೋಡ್ಕೊಳ್ಳೋ ಹುಡುಗಿ ಅನಿಕಾ ಓಡಿ ಬಂದು ಮಂಡಿಯೂರಿ ಬೋರಲು ಬಿದ್ದಿದ್ದ ಅವನ ತಲೆ ಎರಡೂ ಕೈಯಲ್ಲಿ ಹಿಡಿದ್ಲು. ಡಾಕ್ಟರು ಒಳಗಿನ ಕೋಣೆಯಲ್ಲಿ ಇನ್ನೊಬ್ಬ ಹುಡುಗನಿಗೆ ಹೊಲಿಗೆ ಹಾಕ್ತಿದ್ರು, ಕರ್ಕೊಂಡು ಬರೋಕೆ ಯಾರೋ ಓಡಿದ್ರು.

"ಕತ್ತು ನೋಯ್ತಿದೆಯಾ ಸೋರೆನ್?"

"ಇಲ್ಲ."

"ಸುಳ್ಳು ಹೇಳಬೇಡ ಕಣೋ. ಬೆರಳು ಆಡಿಸು."

ಬಲಗೈ ಬೆರಳು ಆಡಿಸಿದ. ಎಡಗೈ ಹೊಟ್ಟೆ ಕೆಳಗೆ ಸಿಕ್ಕಿತ್ತು. ಅನಿಕಾ ನೋಡೋಕೆ ಅಂತ ಬಗ್ಗಿದ್ರೆ, ಅವನು ಮೈಭಾರ ಪೂರ್ತಿ ಆ ಕೈ ಮೇಲೆ ಹಾಕಿ ಮುಚ್ಚಿಟ್ಕೊಂಡ. ಹೆತ್ತೋಳು ನಾನು. ಆ ಕೈ ಆಡ್ತಿಲ್ಲ, ಅದನ್ನ ಮುಚ್ಚಿಡ್ತಿದಾನೆ ಅಂತ ನನಗೆ ತಿಳಿಯದೆ ಇರತ್ತಾ?

ಅಷ್ಟರಲ್ಲಿ ಗೇಲೆನ್ ಕುರ್ಚಿ ಬಿಟ್ಟು ಎದ್ದ. ಒಂದೇ ನೆಗೆತಕ್ಕೆ ಮ್ಯಾಟ್ ಮೇಲೆ ಹೋಗಿ ಸೋರೆನ್ ಕುಸ್ತಿ ಅಂಗಿಯ ಹೆಗಲ ಪಟ್ಟಿ ಹಿಡಿದು ಎಳೆದ. "ಏಳೋ ಮಗನೇ. ಏಳು. ನನ್ನ ಹಾಗೆ ಆಗಬೇಡ, ಏಳು."

"ಮುಟ್ಟಬೇಡಿ" ಅಂತ ಅನಿಕಾ ಕಿರುಚಿದ್ಲು. ಅವನ ಕಿವಿಗೆ ಬೀಳಲಿಲ್ಲ. ಇನ್ನೊಂದು ಸಲ ಎಳೆದ. ಸೋರೆನ್ ಬಲಗೈ ಊರಿ ಏಳೋಕೆ ನೋಡಿದ, ತಲೆ ಅನಿಕಾ ಕೈಯಿಂದ ಜಾರಿ ಪಕ್ಕಕ್ಕೆ ವಾಲ್ತು.

ಕಂಬಿ ಹೇಗೆ ಹಾರಿದೆನೋ ನೆನಪಿಲ್ಲ. ಹಿಂದಿನಿಂದ ಹೋಗಿ ಗೇಲೆನ್ ಕಿವಿ ಮೇಲೆ ಗುದ್ದಿದೆ. ಬಿಡಲಿಲ್ಲ. ಮುಂದೆ ಬಂದು ಬಾಯಿಗೆ ಗುದ್ದಿದೆ, ದಿನಾ ಹಂದಿ ಭುಜ ಎತ್ತಿ ಎತ್ತಿ ಗಟ್ಟಿಯಾದ ಕೈ ನಂದು. ಹಲ್ಲು ಬಿತ್ತು. ಅವನು ನನ್ನನ್ನ ಯಾರು ಅಂತಾನೂ ನೋಡದೆ ಬೀಸಿದ ಏಟು ನನ್ನ ಕೆನ್ನೆ ಮೂಳೆಗೆ ಬಿತ್ತು, ಕಣ್ಣಿಗೆ ಕತ್ತಲೆ ಕಟ್ತು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವನು ನನ್ನ ಮೇಲೆ ಕೈ ಎತ್ತಿದ್ದು ಅದೇ ಮೊದಲು. ಬಿದ್ದಲ್ಲಿಂದಲೇ ತೆವಳಿ, ಪಟ್ಟಿ ಹಿಡಿದಿದ್ದ ಅವನ ಕೈ ಕಚ್ಚಿದೆ. ಬಾಯಿಗೆ ರಕ್ತದ ರುಚಿ ಬರೋ ತನಕ ಕಚ್ಚಿದೆ. ಆಗ ಬಿಟ್ಟ.

"ನೀನ್ಯಾವಳೇ" ಅಂದ. ಆಮೇಲೆ ನನ್ನ ಮುಖ ನೋಡಿ, "ಮಾರ್ಲಿ" ಅಂದ.

"ಅವನ ಎಡಗೈ ನೋಡೋ ಪಾಪಿ" ಅಂದೆ.

ಅಷ್ಟು ಹೊತ್ತಿಗೆ ಎರಡೂ ಗ್ಯಾಲರಿ ಒಡೆದ ಕಟ್ಟೆ ಥರ ಕೆಳಗೆ ಇಳಿದಿತ್ತು. ಯಾರು ಯಾರಿಗೆ ಹೊಡೆದ್ರು ಅಂತ ಹೇಳೋಕಾಗಲ್ಲ. ಮಡಚೋ ಕುರ್ಚಿಗಳು ಹಾರಿದ್ವು, ದಿಂಬು ಹರಿದು ಪುಕ್ಕ ಎಲ್ಲರ ರಕ್ತಕ್ಕೆ ಅಂಟ್ಕೊಂಡ್ತು. ನಮ್ಮ ಪಾದ್ರಿಗಳು ಒಬ್ಬ ಬ್ರಾಂಡ್ಟ್ ಹುಡುಗನ ಕೂದಲು ಹಿಡಿದು ಅಲ್ಲಾಡಿಸ್ತಿದ್ದಿದ್ದು ನಾನೇ ಕಂಡೆ. ಅನಿಕಾ ಸೋರೆನ್ ತಲೆ ಮೇಲೆ ಬಾಗಿ ಅಲ್ಲಾಡದೆ ಹಿಡ್ಕೊಂಡಿದ್ಲು. ಅವಳ ಸುತ್ತ ಯಾರೂ ತುಳಿಯದ ಹಾಗೆ ಕಾಲು ಅಗಲಿಸಿ ನಿಂತೋನು ಯಾರು ಅಂತೀರಿ? ಕ್ರೌಸ್. ಅಳ್ತಿದ್ದ ಆ ಹುಡುಗ. ಯಾರೋ ಅವನ ಬೆನ್ನಿಗೆ ಕುರ್ಚಿಯಿಂದ ಹೊಡೆದ್ರು. ನಮ್ಮೋರೇ ಇರಬೇಕು. ಆ ಹುಡುಗ ಜಾಗ ಬಿಟ್ಟು ಕದಲಲಿಲ್ಲ.

ಆ ಗಲಾಟೆ ಮಧ್ಯದಲ್ಲೇ ಗಡಿಯಾರ ಎರಡು ನಿಮಿಷ ಮುಗಿಸ್ತು. ರೆಫ್ರಿ, ಅವನ ಅಂಗಿ ತೋಳೂ ಹರಿದಿತ್ತು, ಬಗ್ಗಿ ಸೋರೆನ್‌ನ ಬಲಗೈಯನ್ನ ಒಂದು ಗೇಣು ಮೇಲೆ ಎತ್ತಿದ. ನಾವು ಗೆದ್ವಿ. ಹೊಡೆದಾಟ ಅಲ್ಲೇ ನಿಂತು ಎರಡೂ ಕಡೆಯೋರು ಒಟ್ಟಿಗೆ ಛೀಮಾರಿ ಹಾಕಿದ್ರು. ಸೋರೆನ್ ಕಣ್ಣು ತೆರೆದೇ ಇತ್ತು. ಎಲ್ಲ ಕೇಳಿಸ್ಕೊಂಡ.

ಕತ್ತಿನ ಮೂಳೆ ಒಂದು ಸೀಳಿತ್ತು. ಆಪರೇಷನ್ ಮಾಡಿ ಲೋಹದ ತಗಡು ಕೂರಿಸಿದ್ರು. ಇನ್ನೊಂದು ಸಲ ಎಳೆದಿದ್ರೆ ಕತ್ತಿಂದ ಕೆಳಗೆ ಏನೂ ಉಳೀತಿರಲಿಲ್ಲ ಅಂತ ಸರ್ಜನ್ ನನಗೂ ಗೇಲೆನ್‌ಗೂ ಒಟ್ಟಿಗೇ ಹೇಳಿದ್ರು, ಗೇಲೆನ್ ಗೋಡೆ ಹಿಡ್ಕೊಂಡು ಕೂತ. ಎಡಗೈ ನಿಧಾನಕ್ಕೆ ಬರತ್ತಂತೆ, ಕುಸ್ತಿ ಇನ್ನು ಇಲ್ಲ.

ಮಾರನೇ ದಿನ ಮಧ್ಯಾಹ್ನ ಸೋರೆನ್‌ಗೆ ಪೂರ್ತಿ ಎಚ್ಚರ ಆಯ್ತು. ಮಂಚದ ಆ ಕಡೆ ಊದಿದ ತುಟಿ ಇಟ್ಕೊಂಡು ಗೇಲೆನ್, ಈ ಕಡೆ ನೀಲಿ ಕೆನ್ನೆ ಇಟ್ಕೊಂಡು ನಾನು. ಹೊರಗೆ ಓಣಿ ತುಂಬ ಊರಿನೋರು, ಪಾಲ್ಮರ್, ಪಾದ್ರಿಗಳು, ಲವೋನ್ ಕೂಡ, ಒಬ್ಬೊಬ್ರ ಮಡಿಲಲ್ಲೂ ಒಂದೊಂದು ಮುಚ್ಚಿದ ತಟ್ಟೆ. ಹೊಡೆದಾಡಿದ ಮೇಲೆ ಅಡುಗೆ ಮಾಡ್ಕೊಂಡು ಬರೋದು ನಮ್ಮ ಕಡೆ ರೂಢಿ.

ಸೋರೆನ್‌ಗೆ ಕತ್ತು ತಿರುಗಿಸೋಕೆ ಆಗ್ತಿರಲಿಲ್ಲ. ಸೂರು ನೋಡ್ಕೊಂಡೇ ಮಾತಾಡಿದ.

"ಅಮ್ಮಾ, ನೀನ್ಯಾಕೆ ಬಂದೆ? ನಾನು ಎದ್ದಿರ್ತಿದ್ದೆ."

"ಎದ್ದಿದ್ರೆ ಸಾಯ್ತಿದ್ದೆ ಕಣೋ."

"ಸತ್ತಿದ್ರೆ ಏನಾಗ್ತಿತ್ತು? ಈಗ ನೋಡು, ನಾನೂ ಮಲ್ಕೊಂಡ ಪೈಲ್ವಾನ. ಇನ್ನು ಸಾಯೋ ತನಕ ನಾನೂ ಅಪ್ಪನೇ."

ಬದುಕಿದಾನೆ ಅಂತ ಸಂತೋಷ ಪಡೋಕೂ ಬಿಡಲಿಲ್ಲ ಆ ಮಾತು. ಆ ಎರಡು ನಿಮಿಷ ಮುಗಿಯೋ ಮೊದಲೇ ಸತ್ತು ಹೋಗಬೇಕಿತ್ತು ಅಂತ ನನ್ನ ಮಗ, ಇಪ್ಪತ್ತೊಂದು ವರ್ಷದೋನು, ಮನಸಾರೆ ಹೇಳ್ತಿದ್ದ.

ಗೇಲೆನ್ ಹೇಳಿದ, "ನೀನು ನನ್ನ ಹಾಗಲ್ಲ." ಹಲ್ಲಿಲ್ಲದ ಜಾಗದಿಂದ ಗಾಳಿ ಹೋಗಿ ಮಾತು ಸೀಟಿ ಹೊಡೀತಿತ್ತು.

"ಏನು ವ್ಯತ್ಯಾಸ ಅಪ್ಪಾ? ಅದೇ ಕಾಲೇಜು, ಅದೇ ಬ್ರಾಂಡ್ಟ್. ನಿಂಗೂ ಮರಗಟ್ಟಿತ್ತು, ನಂಗೂ ಮರಗಟ್ತು. ನಿನ್ನನ್ನ ಯಾರು ನಂಬಿದ್ರು?"

"ನನಗೆ ಏನೂ ಆಗಿರಲಿಲ್ಲ."

ನಾನು ತಲೆ ಎತ್ತಿ ನೋಡಿದೆ. ಗೇಲೆನ್ ನನ್ನ ಕಡೆ ನೋಡ್ತಿರಲಿಲ್ಲ.

"ಕತ್ತು ನೆಟ್ಟಗಿತ್ತು. ಕೈಕಾಲು ಎಲ್ಲ ಆಡ್ತಿತ್ತು. ನಾನು ಸೋಲ್ತಿದ್ದೆ ಸೋರೆನ್. ಉಸಿರು ಮುಗಿದಿತ್ತು, ಅವನನ್ನ ಕಂಡ್ರೆ ಭಯ ಆಗ್ತಿತ್ತು. ಬಿದ್ದೆ ನೋಡು, ಸದ್ಯ, ಇನ್ನು ಅವನು ಹೊಡೆಯಲ್ಲ ಅನ್ನಿಸ್ತು. ಹಾಗೇ ಕಣ್ಣು ಮುಚ್ಚಿದೆ. ನಾನು ಏಳಬಹುದಿತ್ತು. ನೀನು ಏಳೋಕೆ ಆಗದೆ ಬಿದ್ದಿದ್ದೆ, ಅಂಥಾದ್ರಲ್ಲೂ ಏಳೋಕೆ ನೋಡಿದೆ."

ಮೂವತ್ತು ವರ್ಷದ ಮೇಲಾಯ್ತು ಆ ಮನುಷ್ಯನ ಪಕ್ಕ ಮಲಗಿ. ಅವನ ಕತ್ತಿಗೆ ಎಣ್ಣೆ ಹಚ್ಚಿದೀನಿ, ಚಳಿಗಾಲದಲ್ಲಿ ನೋವು ಅಂದ್ರೆ ಬಿಸಿ ಬಟ್ಟೆ ಇಟ್ಟಿದೀನಿ. ಅವನ ಪರವಾಗಿ ಊರೆಲ್ಲ ಹೊಡೆದಾಡಿದೀನಿ. ಊರು ಹೇಳಿದ್ದೇ ಸರಿಯಾಗಿತ್ತು. ಎದ್ದು ಹೋಗಿ ಉಳಿದ ಹಲ್ಲೂ ಉದುರಿಸಬೇಕು ಅನ್ನಿಸ್ತು, ಕೈ ತಾನಾಗೇ ಮುಷ್ಟಿ ಆಯ್ತು. ಆಗ ಸೋರೆನ್ ಮುಖ ನೋಡಿದೆ. ಕಣ್ಣಿಂದ ನೀರು ಎರಡೂ ಕಿವಿಗೆ ಇಳೀತಿತ್ತು. ಎಡಗೈ ಆಡ್ತಿರಲಿಲ್ಲ, ಬಲಗೈಗೆ ಸಲೈನ್ ಕಟ್ಟಿದ್ರು, ಒರೆಸ್ಕೊಳ್ಳೋಕೆ ಅವನಿಂದ ಆಗ್ತಿರಲಿಲ್ಲ.

"ಇನ್ನೊಂದು ಸಲ ಹೇಳು ಅಪ್ಪಾ" ಅಂದ.

"ನಾನು ಏಳಬಹುದಿತ್ತು."

"ಹೊರಗಿರೋರಿಗೆ ಕೇಳಿಸ್ಲಿ."

ಗೇಲೆನ್ ಎದ್ದು ಬಾಗಿಲು ಪೂರ್ತಿ ತೆಗೆದು ಓಣಿಗೆ ಹೋಗಿ ನಿಂತ. ಯಾವ ಮಾತಿಗೆ ಜನರ ದವಡೆ ಮುರಿದಿದ್ನೋ ಅದೇ ಮಾತನ್ನ ತಾನೇ ಹೇಳಿದ, ಎಲ್ಲರ ಎದುರಿಗೆ, ಗಟ್ಟಿಯಾಗಿ. "ತೊಂಬತ್ತೊಂದರಲ್ಲಿ ನಾನು ಬೇಕಂತ್ಲೇ ಮಲಗಿದ್ದೆ. ನನ್ನ ಮಗ ಬೇಕಂತ ಮಲಗಿಲ್ಲ. ಅವನನ್ನ ನನ್ನ ಹೆಸರಿಂದ ಯಾರೂ ಕರೀಬಾರದು."

ಲವೋನ್ ತಟ್ಟೆ ನೆಲಕ್ಕಿಟ್ಟು ಎದ್ದು ಹೋದ್ಲು. ಪಾಲ್ಮರ್ ಟೋಪಿ ತೆಗೆದು ಮತ್ತೆ ಹಾಕ್ಕೊಂಡು ಹೋದ. ಒಬ್ಬೊಬ್ರಾಗಿ ಎಲ್ಲರೂ ಹೋದ್ರು. ಗೇಲೆನ್ ಖಾಲಿ ಓಣಿಯಲ್ಲಿ ನಮ್ಮ ಕಡೆ ಬೆನ್ನು ಹಾಕಿ ಹಾಗೇ ನಿಂತಿದ್ದ, ಒಳಗೆ ಬರೋ ಧೈರ್ಯ ಇರಲಿಲ್ಲ ಅವನಿಗೆ. ಬರಬೇಡ ಅಂತಾನೇ ನನಗೂ ಇತ್ತು.

"ಅಮ್ಮಾ, ಅಪ್ಪನ್ನ ಒಳಗೆ ಕರಿ" ಅಂದ ಸೋರೆನ್.

"ಅಲ್ಲೇ ನಿಂತಿರ್ಲಿ ಬಿಡು."

"ಕರಿ ಅಮ್ಮಾ. ನಂಗೆ ಹೋಗೋಕಾಗಲ್ಲ."

ಮಗನ ಕಣ್ಣು ಒರೆಸಿ ಎದ್ದು ಹೋದೆ. ಗೇಲೆನ್ ತೋಳು ಹಿಡಿದೆ. ಬಾ, ಹುಡುಗ ಕರೀತಿದಾನೆ ಅಂದೆ.